ಸ್ಥಾಪಕರ ಕೊರಳ ಪಟ್ಟಿ

ಊರಾಚೆಯ ಆ ಕ್ಲಬ್ಬಿಗೆ ಹೊಸದಾಗಿ ಮೆಂಬರಾದವರನ್ನು ಮೊದಲ ದಿನ ಸುತ್ತಾಡಿಸಿ ತೋರಿಸುವ ಕೆಲಸ ಬಟ್ಲರನದು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು, ಆದರೆ ಅದು ಸಂಬಳದ ದಿನ ಸಹಿ ಹಾಕುವಾಗ ಬಿಟ್ಟರೆ ಬೇರೆಲ್ಲೂ ಬಳಕೆಗೆ ಬರುತ್ತಿರಲಿಲ್ಲ. ಮೆಂಬರುಗಳಿಗೂ ಅವನು ಬಟ್ಲರ್, ಅಡುಗೆಮನೆಯವರಿಗೂ ಬಟ್ಲರ್, ಬರುಬರುತ್ತಾ ತರಕಾರಿ ತರುವವಳಿಗೂ ಬಟ್ಲರೇ. ಬಿಳಿ ಕೋಟು, ಎಡಗೈ ಮೇಲೆ ಮಡಿಸಿದ ಟವೆಲ್ಲು, ಮುಖದ ಮೇಲೆ ಯಾರ ಮಾತೂ ಕಿವಿಗೆ ಬೀಳುತ್ತಿಲ್ಲವೆಂಬಂಥ ಗಾಂಭೀರ್ಯ. ಬೀಳುತ್ತಿದ್ದದ್ದು ಮಾತ್ರ ಎಲ್ಲವೂ.

"ಇದು ಈಜುಕೊಳ ಸಾರ್," ಎಂದು ಅವನು ಶುರುಮಾಡುತ್ತಿದ್ದ. "ಹಿಂದೆ ಇದರೊಳಗೆ ಒಬ್ಬ ಮಂತ್ರಿ ಬಟ್ಟೆ ಸಮೇತ ಬಿದ್ಬಿಟ್ರು. ಬೀಳೋವಾಗ ಮಂತ್ರಿ, ಎದ್ದು ಮೇಲೆ ಬರೋವಾಗ ಮಾಜಿ. ಅಷ್ಟರಲ್ಲಿ ಅಲ್ಲಿ ಸರ್ಕಾರವೇ ಬಿದ್ದಿತ್ತು."

ಹೊಸಬರು ನಕ್ಕರೆ ಮುಂದಿನ ಕೋಣೆಯ ಕಥೆಗೆ ಇನ್ನಷ್ಟು ಒಗ್ಗರಣೆ ಬೀಳುತ್ತಿತ್ತು. ಬಿಲಿಯರ್ಡ್ಸ್ ಮೇಜಿನ ಹಸಿರು ಬಟ್ಟೆಯಲ್ಲಿ ಒಂದು ಹೊಲಿಗೆಯಿತ್ತು. ಅಡುಗೆಯವನು ಮೇಜಿನ ಮೇಲೆ ಹತ್ತಿ ಬಲ್ಬು ಬದಲಾಯಿಸುವಾಗ ಆದ ಹರಕು ಅದು. ಬಟ್ಲರನ ಬಾಯಲ್ಲಿ ಅದು ಇಬ್ಬರು ಗೆಳೆಯರು ಒಬ್ಬಳು ಹುಡುಗಿಗಾಗಿ ಕತ್ತಿ ಹಿರಿದ ಜಾಗ. ಇಸ್ಪೀಟು ಕೋಣೆಯಲ್ಲಿ ಗಡಿಯಾರವಿಲ್ಲ, ಸಂಸಾರಸ್ಥರಿಗೆ ತೊಂದರೆ ಆಗಬಾರದೆಂದು. ಲೈಬ್ರರಿಯಲ್ಲಿ ನಿದ್ದೆ ಬಹಳ ಚೆನ್ನಾಗಿ ಬರುತ್ತದೆ. ಗಾಲ್ಫ್ ಮೈದಾನದಲ್ಲಿ ಒಂಬತ್ತು ಗುಂಡಿಗಳಿವೆ, ಅದರಲ್ಲಿ ಎರಡು ಹೆಗ್ಗಣಗಳು ತೋಡಿದ್ದು. ಚೆಂಡು ಯಾವುದರಲ್ಲಿ ಬಿದ್ದರೂ ಮೆಂಬರುಗಳು ಚಪ್ಪಾಳೆ ತಟ್ಟುತ್ತಾರೆ.

ಕ್ಲಬ್ಬಿನ ನಿಜವಾದ ಚರಿತ್ರೆ ಅಷ್ಟು ಹೊತ್ತು ಹೇಳುವಂಥದ್ದಲ್ಲ. ಮನೆಯಲ್ಲಿ ಹೆಂಡತಿಯರ ಕಣ್ಣು ತಪ್ಪಿಸಿ ಒಂದು ಗುಟುಕು ಹಾಕಲು ಜಾಗ ಸಿಗದ ನಾಲ್ಕಾರು ದೊಡ್ಡ ಮನುಷ್ಯರು ಸೇರಿ, ಊರಾಚೆ ಒಂದು ತಗಡಿನ ಶೆಡ್ಡು ಹಾಕಿಕೊಂಡರು. ಕುರ್ಚಿಗಳು ಬಂದವು, ಬೀಗವಿರುವ ಬೀರು ಬಂತು, ಆಮೇಲೆ ನಿಯಮಾವಳಿ ಬಂತು. ನಿಯಮಾವಳಿ ಬಂದ ಮೇಲೆ ಅದು ಸಂಸ್ಥೆಯಾಯಿತು, ಸಂಸ್ಥೆಗೆ ಒಬ್ಬರು ಸ್ಥಾಪಕರು ಬೇಕಾದರು. ಆ ನಾಲ್ಕಾರು ಜನರಲ್ಲಿ ಮೊದಲು ಸತ್ತವರನ್ನೇ ಸ್ಥಾಪಕರು ಎಂದು ಮಾಡಿ, ದೊಡ್ಡ ಹಜಾರದಲ್ಲಿ ಅವರ ಫೋಟೋ ತೂಗುಹಾಕಿದರು.

ಬಟ್ಲರನ ಸುತ್ತಾಟ ಮುಗಿಯುತ್ತಿದ್ದದ್ದು ಆ ಫೋಟೋದ ಮುಂದೆಯೇ. ಅಲ್ಲಿ ಮಾತ್ರ ಅವನು ತಮಾಷೆ ಮಾಡುತ್ತಿರಲಿಲ್ಲ. "ಇವರು ನಮ್ಮ ಸ್ಥಾಪಕರು ಸಾರ್," ಎಂದು ತಲೆ ತಗ್ಗಿಸಿ, ಬೇಗಬೇಗ ಬಾರಿನ ಕಡೆ ಕರೆದುಕೊಂಡು ಹೋಗುತ್ತಿದ್ದ. ಎಂಥ ನಿಷ್ಠೆ ನೋಡಿ ಎಂದು ಹೊಸಬರು ಮೆಚ್ಚಿಕೊಳ್ಳುತ್ತಿದ್ದರು. ನಿಷ್ಠೆಯಲ್ಲ, ಹೆದರಿಕೆ. ಫೋಟೋದಲ್ಲಿದ್ದವರು ಸ್ಥಾಪಕರೇ ಅಲ್ಲ. ಅವರು ಬಟ್ಲರನ ಮಾವ, ಅವನ ಹೆಂಡತಿಯ ಅಪ್ಪ, ಕಸುಬಿನಲ್ಲಿ ಟೈಲರು.

ಆದದ್ದು ಹೀಗೆ. ಬಟ್ಲರ್ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸ್ಥಾಪಕರ ದಿನಕ್ಕೆ ಮುಂಚೆ, ಸೆಕ್ರೆಟರಿ ಅವನನ್ನು ಕರೆದು "ಸ್ಥಾಪಕರ ಮುಖ ಮಸುಕಾಗಿದೆ, ಚೆನ್ನಾಗಿ ತೊಳಿ," ಎಂದಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಗಾಜು. ತೊಳಿ ಎಂದರೆ ತೊಳೆಯುವ ವಯಸ್ಸು ಬಟ್ಲರನದು. ಚೌಕಟ್ಟು ಬಿಚ್ಚಿ, ಫೋಟೋ ಹೊರತೆಗೆದು, ಪಾತ್ರೆ ತಿಕ್ಕುವ ಪುಡಿ ಹಾಕಿ ಉಜ್ಜಿದ. ಮೊದಲು ಮೀಸೆ ಹೋಯಿತು. ಮೀಸೆ ಹೋಯಿತಲ್ಲ ಎಂದು ಗಾಬರಿಯಿಂದ ಇನ್ನೊಂದು ಸಲ ಉಜ್ಜಿದರೆ ಮೂಗು ಹೋಯಿತು. ಕೊನೆಗೆ ಅವನ ಕೈಯಲ್ಲಿ ಉಳಿದದ್ದು ಒಂದು ಕುರ್ಚಿ ಮತ್ತು ಅದರ ಮೇಲೆ ಎರಡು ಮೊಣಕಾಲು.

ಅವತ್ತು ಅವನ ಚೀಲದಲ್ಲಿ ಇನ್ನೊಂದು ಫೋಟೋ ಇತ್ತು. ಮಾವ ತೀರಿಕೊಂಡು ಕೆಲವು ತಿಂಗಳಾಗಿತ್ತು. ಬದುಕಿಡೀ ಅವರು ತೆಗೆಸಿಕೊಂಡದ್ದು ಅದೊಂದೇ ಫೋಟೋ. ಯಾರೋ ಗಿರಾಕಿಯ ಮದುವೆ ಕೋಟು ಹೊಲಿದು ಕೊಡಲು ಹೊರಟವರನ್ನು ಸ್ಟುಡಿಯೋದ ಗೆಳೆಯ ತಡೆದು, "ನೀನೇ ಒಂದ್ಸಲ ಹಾಕ್ಕೊಂಡು ನಿಂತ್ಕೊಳೋ," ಎಂದಿದ್ದ. ಮಾವ ಹಾಕಿಕೊಂಡು ನಿಂತರು. ಕೋಟು ಒಳ್ಳೆಯದಿತ್ತು, ನಿಲುವೂ ಒಳ್ಳೆಯದಿತ್ತು, ಆದರೆ ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪು ತೆಗೆಯುವುದು ಮರೆತುಹೋಯಿತು. ಊಟ ಮಾಡುವಾಗಲೂ ಟೇಪು ತೆಗೆಯದ ಮನುಷ್ಯ, ಪಾಪ. ಗೆಳೆಯ ಅದನ್ನೇ ದೊಡ್ಡದು ಮಾಡಿಕೊಟ್ಟು, ಅಂಗಡಿ ಮುಚ್ಚಿಕೊಂಡು ಊರು ಬಿಟ್ಟ. "ಜೋಪಾನ ಕಣ್ರೀ, ಇನ್ನೊಂದಿಲ್ಲ. ಒಳ್ಳೆ ಫ್ರೇಮ್ ಹಾಕಿಸ್ಕೊಂಡು ಬನ್ನಿ," ಎಂದು ಹೆಂಡತಿ ಬೆಳಿಗ್ಗೆ ತಾನೇ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟಿದ್ದಳು.

ಬಟ್ಲರ್ ಫ್ರೇಮ್ ಹಾಕಿಸಿದ. ತೇಗದ ಮರದ್ದು, ಚಿನ್ನದ ಅಂಚಿನದು, ಸ್ಥಾಪಕರದೇ. ಒಂದು ದಿನದ ಮಟ್ಟಿಗೆ ಅಂದುಕೊಂಡಿದ್ದ. ಸ್ಥಾಪಕರ ದಿನ ಹಬೆಯಾಡುವ ಸೂಪಿನ ಟ್ರೇ ಹಿಡಿದು, ಯಾರಾದರೂ ಕಿರುಚುತ್ತಾರೆಂದು ಗೋಡೆಗೊರಗಿ ನಿಂತ. ಯಾರೂ ಕಿರುಚಲಿಲ್ಲ. ಅದುವರೆಗೆ ಯಾರೂ ಆ ಗೋಡೆಯನ್ನು ನೋಡಿದ್ದರೆ ತಾನೇ? ಅಲ್ಲಿದ್ದವರಲ್ಲಿ ಅರ್ಧ ಜನ ಅದೇ ಮಾವ ಹೊಲಿದ ಕೋಟು ತೊಟ್ಟಿದ್ದರು. ಆದರೆ ಕೋಟು ಹಾಕಿ ನೋಡುವಾಗ ಅವರ ಕಣ್ಣೆಲ್ಲ ಕನ್ನಡಿಯ ಮೇಲಿತ್ತು, ಹೆಗಲ ಹಿಂದೆ ಸೂಜಿ ಕಚ್ಚಿಕೊಂಡು ನಿಂತವನ ಮೇಲಲ್ಲ.

ಒಬ್ಬರು ಮಾತ್ರ, ಮೂರನೆಯ ಗ್ಲಾಸಿನ ನಂತರ, ತಲೆಯೆತ್ತಿ ನೋಡಿದರು. "ಸ್ಥಾಪಕರ ಕೊರಳಲ್ಲಿ ಅದೇನದು ಪಟ್ಟಿ?" ಎಂದರು. ಬಟ್ಲರ್ ಟ್ರೇಯನ್ನು ಅವರ ಮುಂದೆ ಚಾಚಿದ. "ಗೌರವದ ಪಟ್ಟಿ ಸಾರ್. ಆಗಿನ ಕಾಲದಲ್ಲಿ ಬಹಳ ದೊಡ್ಡೋರಿಗೆ ಕೊಡ್ತಿದ್ರು," ಎಂದುಬಿಟ್ಟ. ಅವನು ಕ್ಲಬ್ಬಿನಲ್ಲಿ ಬಿಟ್ಟ ಮೊದಲ ಬಂಡಲ್ ಅದು. ಅದು ಎಷ್ಟು ಚೆನ್ನಾಗಿ ದಕ್ಕಿತೆಂದರೆ, ಮಂತ್ರಿ ಕೊಳಕ್ಕೆ ಬಿದ್ದದ್ದೂ ಗೆಳೆಯರು ಕತ್ತಿ ಹಿರಿದದ್ದೂ ಆ ಧೈರ್ಯದಿಂದಲೇ ಹುಟ್ಟಿಕೊಂಡವು.

ಮುಂದಿನ ವರ್ಷದ ಸ್ಥಾಪಕರ ದಿನ ಒಬ್ಬರು ಕೊರಳಿಗೆ ಪಟ್ಟಿ ಹಾಕಿಕೊಂಡು ಬಂದರು. ಅದರಾಚೆಯ ವರ್ಷ ಎಲ್ಲರೂ. ಫೋಟೋ ಕಪ್ಪುಬಿಳುಪಿನದಾದ್ದರಿಂದ ಪಟ್ಟಿಯ ಬಣ್ಣ ಯಾವುದೆಂದು ಸಮಿತಿಯಲ್ಲಿ ಜಗಳ ಹತ್ತಿತು. ಕೆಂಪಿನವರು, ಹಳದಿಯವರು ಎಂದು ಎರಡು ಬಣವಾಗಿ, ಟೆನಿಸ್ ಕೋರ್ಟಿನಲ್ಲಿ ಒಬ್ಬರಿಗೊಬ್ಬರು ಚೆಂಡು ಎತ್ತಿಕೊಡುವುದನ್ನೂ ನಿಲ್ಲಿಸಿದರು. ಹಳದಿ ಗೆದ್ದಿತು. ಕೆಂಪಿನವರ ಮುಖಂಡರು ರಾಜೀನಾಮೆ ಕೊಟ್ಟು, ಬಾರು ತೆರೆಯುವ ಹೊತ್ತಿಗೆ ಹಿಂದಕ್ಕೆ ಪಡೆದರು. ಅಲ್ಲಿಂದ ಮುಂದೆ ವರ್ಷಕ್ಕೊಂದು ದಿನ, ಊರಿನ ದೊಡ್ಡ ಮನುಷ್ಯರೆಲ್ಲ ಕೊರಳಿನ ಎರಡೂ ಕಡೆ ಹಳದಿ ಪಟ್ಟಿ ಇಳಿಬಿಟ್ಟುಕೊಂಡು, ಟೈಲರನ ಮುಂದೆ ಎದ್ದುನಿಂತು ಗ್ಲಾಸು ಎತ್ತುವುದು ಪದ್ಧತಿಯಾಯಿತು.

ಕ್ಲಬ್ಬಿನ ಕಥೆ ಇಲ್ಲಿಗೇ ನಿಂತಿದ್ದರೆ ನಗಾಡಿಕೊಂಡು ಸುಮ್ಮನಿರಬಹುದಿತ್ತು. ಮನೆಯ ಕಥೆ ಬೇರೆ.

"ಫೋಟೋ ಎಲ್ಲಿ?" ಎಂದು ಹೆಂಡತಿ ಕೇಳಿದ ದಿನ ಬಟ್ಲರ್ ನಿಜ ಹೇಳಬಹುದಿತ್ತು. ಕೆಲಸ ಹೋದರೆ ಹಿತ್ತಿಲ ಕ್ವಾರ್ಟರ್ಸೂ ಹೋಗುತ್ತದೆಂಬ ಭಯ. "ನಿನ್ನ ತಮ್ಮನ ಕೈಲಿ ಕೊಟ್ಟೆ, ಫ್ರೇಮಿನ ಅಂಗಡಿಗೆ ಕೊಡ್ತೀನಿ ಅಂದ," ಎಂದ. ಬಾಮೈದನನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಅವನು ಸೈಕಲ್ ರಿಪೇರಿ ಅಂಗಡಿಯವನು, ಒಳ್ಳೆಯವನು, ಆದರೆ ಆಗ ಕುಡಿಯುತ್ತಿದ್ದ. ಕುಡಿದು ಕೊಡೆ ಕಳೆದಿದ್ದ, ಬೀಗದ ಕೈ ಕಳೆದಿದ್ದ, ಒಮ್ಮೆ ರಿಪೇರಿಗೆ ಬಂದ ಸೈಕಲ್ಲನ್ನೇ ಕಳೆದಿದ್ದ. ಅಕ್ಕ ಹೋಗಿ ಕೇಳಿದಾಗ ತಲೆ ಕೆರೆದುಕೊಂಡ. "ಭಾವ ಕೊಟ್ರಾ? ನೆನಪೇ ಆಗ್ತಿಲ್ಲವಲ್ಲಕ್ಕ," ಎಂದ. ಮಾರನೆಯ ದಿನ, "ಕೊಟ್ಟಿರ್ಬೇಕು," ಎಂದ. ವಾರ ಕಳೆಯುವಷ್ಟರಲ್ಲಿ, ಎಲ್ಲಿ ಎಷ್ಟು ಕುಡಿದಾಗ ಬಿಟ್ಟೆ ಎಂದು ತಾನೇ ಹೆಂಡದಂಗಡಿಗಳನ್ನೆಲ್ಲ ಸುತ್ತಿ ಹುಡುಕಿದ. ಆಮೇಲೆ ಕುಡಿಯುವುದನ್ನು ಬಿಟ್ಟ. ಅಕ್ಕನ ಮನೆಗೆ ಬರುವುದನ್ನೂ ಬಿಟ್ಟ.

ಅಕ್ಕನೂ ಕರೆಯಲಿಲ್ಲ. "ಅಪ್ಪನ ಮುಖ ಕಳೆದೋನು," ಎಂದು ಒಂದೇ ಮಾತು. ಇಪ್ಪತ್ತು ವರ್ಷ ದಾಟಿದರೂ ಅದೇ ಮಾತು. ಬಟ್ಲರ್ ತನಗೆ ತಾನೇ ಹೇಳಿಕೊಳ್ಳುತ್ತಿದ್ದ: ನನ್ನಿಂದಾಗಿ ಒಬ್ಬ ಕುಡುಕ ಉದ್ಧಾರವಾದ, ಪುಣ್ಯ ನನಗೇ ಬರಬೇಕು. ಹಾಗೆ ಹೇಳಿಕೊಂಡ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಈಚೆಗೆ ಹೆಂಡತಿ ಪಾತ್ರೆ ತೊಳೆಯುತ್ತಾ ಒಂದು ದಿನ ಕೈ ನಿಲ್ಲಿಸಿ, "ರೀ, ನಂಗೆ ಅಪ್ಪನ ಧ್ವನಿ ನೆನಪಿದೆ, ಟೇಪು ನೆನಪಿದೆ, ಮುಖ ಮರೆತು ಹೋಗ್ತಿದೆ ಕಣ್ರೀ," ಎಂದಳು. ಬಟ್ಲರ್ ಎದ್ದು ಹೊರಗೆ ಹೋಗಿ, ಕಾರಣವಿಲ್ಲದೆ ಗೇಟಿಗೆ ಎಣ್ಣೆ ಹಾಕಿದ. ಗುಟ್ಟಾಗಿ ಒಂದು ಪ್ರತಿ ಮಾಡಿಸಿ ತಂದುಕೊಡೋಣವೆಂದು ಎಷ್ಟೋ ಸಲ ಯೋಚಿಸಿದ್ದ. ಎಲ್ಲಿ ಸಿಕ್ಕಿತು ಎಂದು ಅವಳು ಕೇಳಿದರೆ? ಕ್ಲಬ್ಬಿನಲ್ಲಿ ನಿರರ್ಗಳವಾಗಿ ಹರಿಯುವ ನಾಲಿಗೆ ಈ ಒಂದು ಪ್ರಶ್ನೆಗೆ ಮಾತ್ರ ಕೈಕೊಡುತ್ತಿತ್ತು.

ಹೀಗಿರುವಾಗ ಕ್ಲಬ್ಬಿಗೆ ನೂರು ವರ್ಷ ತುಂಬಿತು. ಸ್ಥಾಪಕರದೊಂದು ಕಂಚಿನ ಪ್ರತಿಮೆ ಮಾಡಿಸಬೇಕೆಂದು ಸಮಿತಿ ತೀರ್ಮಾನಿಸಿತು. ಶಿಲ್ಪಿ ಬಂದು ಭೂತಗನ್ನಡಿ ಹಿಡಿದು ಫೋಟೋವನ್ನು ಇಂಚಿಂಚೂ ನೋಡಿದ. "ಪಟ್ಟಿ ಮೇಲೆ ಸಣ್ಣಸಣ್ಣ ಗೆರೆಗಳಿವೆಯಲ್ಲ? ಅಂಕಿಗಳೂ ಇದ್ದಂಗಿವೆ," ಎಂದ. ಅಧ್ಯಕ್ಷರು ಬಟ್ಲರನ ಕಡೆ ನೋಡಿದರು. ಬಟ್ಲರ್ ಚಾವಣಿ ನೋಡಿದ. "ಗೆರೆ ಬಿಡಬೇಡಿ, ಎಲ್ಲ ಇರಲಿ. ಅರ್ಥ ಆಮೇಲೆ ಹುಡುಕೋಣ," ಎಂದರು ಅಧ್ಯಕ್ಷರು.

ಅದಕ್ಕಿಂತ ದೊಡ್ಡ ಗಂಡಾಂತರ ಅಧ್ಯಕ್ಷರ ಹೆಂಡತಿಯ ರೂಪದಲ್ಲಿ ಬಂತು. ಕೆಲಸದವರ ಮನೆಮಂದಿಯನ್ನು ನೂರು ವರ್ಷದಲ್ಲಿ ಒಮ್ಮೆಯೂ ಒಳಗೆ ಕರೆದಿಲ್ಲ, ಈ ಸಲ ಕರೆಯಲೇಬೇಕು ಎಂದು ಆಕೆ ಪಟ್ಟು ಹಿಡಿದರು. ಹಿತ್ತಿಲಲ್ಲೇ ಬದುಕು ಸವೆಸಿದ್ದರೂ ಬಟ್ಲರನ ಹೆಂಡತಿ ಆ ಹಜಾರದ ಹೊಸಿಲು ತುಳಿದವಳಲ್ಲ. ಅವಳಿಗೆ ಹಿಗ್ಗೋ ಹಿಗ್ಗು.

"ಅಲ್ಲೇನಿದೆ ಅಂತ ಬರ್ತೀಯ? ಬರೀ ಭಾಷಣ," ಎಂದ ಬಟ್ಲರ್.

"ಭಾಷಣ ಕೇಳ್ತೀನಿ."

"ಸೆಕೆ, ತಲೆನೋವು ಬರುತ್ತೆ ನಿಂಗೆ."

"ನಿಮ್ಮನ್ನ ಕಟ್ಕೊಂಡು ಇಷ್ಟು ವರ್ಷ ಬರದ ತಲೆನೋವು ಅಲ್ಲಿ ಬರುತ್ತಾ?" ಎಂದು ಅವಳು ಹೊಸ ಸೀರೆಗೆ ಇಸ್ತ್ರಿ ಹಾಕಿದಳು.

ಸಮಾರಂಭ ಬೆಳಿಗ್ಗೆ ಹನ್ನೊಂದಕ್ಕೆ. ಬಟ್ಲರ್ ಅವಳನ್ನು ಹಿಂದಿನ ಸಾಲಿನಲ್ಲಿ, ಹಜಾರದಲ್ಲೇ ದಪ್ಪದಾದ ಒಂದು ಕಂಬದ ಹಿಂದೆ ಕೂರಿಸಿದ. "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ," ಎಂದ. ಅಲ್ಲಿ ಫ್ಯಾನೇ ಇರಲಿಲ್ಲ. ಅವಳು ಕಂಬದ ಪಕ್ಕದಿಂದ ಕತ್ತು ಚಾಚಿ ಮೆಂಬರುಗಳನ್ನು ನೋಡಿ, ಬಾಯಿಗೆ ಸೆರಗು ಒತ್ತಿಕೊಂಡಳು.

"ರೀ, ಇವರೆಲ್ಲ ಯಾಕೆ ಟೈಲರ್ ಥರ ಟೇಪ್ ಹಾಕ್ಕೊಂಡಿದ್ದಾರೆ?"

"ಟೇಪಲ್ಲ, ಪಟ್ಟಿ. ಸುಮ್ನಿರು," ಎಂದು ಬಟ್ಲರ್ ಬೆವರು ಒರೆಸಿಕೊಂಡ.

ಅಷ್ಟರಲ್ಲಿ ಅಧ್ಯಕ್ಷರ ಹೆಂಡತಿಯ ಕಣ್ಣು ಕಂಬದ ಮೇಲೆ ಬಿತ್ತು. "ಅಯ್ಯೋ, ಬಟ್ಲರ್ ಮನೆಯವರು ಕಂಬ ನೋಡೋಕೆ ಬಂದ್ರಾ? ಬಾಮ್ಮ ಮುಂದಕ್ಕೆ," ಎಂದು ಕೈಹಿಡಿದು ಕರೆದುಕೊಂಡು ಹೋಗಿ ಮೊದಲ ಸಾಲಿನಲ್ಲಿ, ತಮ್ಮ ಪಕ್ಕದಲ್ಲೇ ಕೂರಿಸಿದರು. ಗ್ಲಾಸುಗಳ ಟ್ರೇ ಹಿಡಿದ ಬಟ್ಲರ್ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ.

ಪರದೆ ಸರಿಯಿತು. ಕೆಳಗೆ ಕಂಚಿನ ಪ್ರತಿಮೆ, ಅದರ ನೇರ ಮೇಲೆ ಗೋಡೆಯಲ್ಲಿ ಫೋಟೋ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಈ ಪಟ್ಟಿಯ ಮೇಲಿನ ಗೆರೆಗಳನ್ನು ಗಮನಿಸಿ. ಒಂದೊಂದೂ ಪ್ರಗತಿಯ ಮೆಟ್ಟಿಲು. ಮನುಷ್ಯ ತನ್ನನ್ನು ತಾನು ಅಳೆದುಕೊಳ್ಳಬೇಕು ಎಂಬುದೇ ಸ್ಥಾಪಕರ ಸಂದೇಶ," ಎಂದು ಶುರುಮಾಡಿದರು.

ಅವಳು ಪ್ರತಿಮೆಯನ್ನು ನೋಡಲಿಲ್ಲ. ಫೋಟೋ ನೋಡಿದಳು. ಎದ್ದು ನಿಂತಳು.

"ಅಪ್ಪ," ಎಂದಳು.

ಅಧ್ಯಕ್ಷರು ಅನುಭವಸ್ಥರು, ಸಾವರಿಸಿಕೊಂಡರು. "ಹೌದಮ್ಮ! ನಮಗೆಲ್ಲರಿಗೂ ಅಪ್ಪನೇ!" ಎಂದರು. ಜೋರು ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವವರೆಗೂ ಅವಳು ಕಾದು, ಬಟ್ಲರನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟು ಇನ್ನೂ ಬಂದಿರಲಿಲ್ಲ. ಸಿಟ್ಟು ಬಂದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು.

"ಇವರು ಯಾರು ಅಂತ ಹೇಳ್ರೀ," ಎಂದಳು.

ಎಲ್ಲರ ಕಣ್ಣೂ ಬಟ್ಲರನ ಮೇಲೆ. ಸ್ಥಾಪಕರು ಎಂದರೆ ಮುಗಿಯಿತು. ಕೆಲಸ ಉಳಿಯುತ್ತದೆ, ಕ್ವಾರ್ಟರ್ಸು ಉಳಿಯುತ್ತದೆ, ಹೆಂಡತಿಗೆ ಸೆಕೆಗೆ ತಲೆ ಕೆಟ್ಟಿದೆ ಎಂದು ಎಲ್ಲರೂ ಮರುಗುತ್ತಾರೆ. ಆ ಮಾತು ನಾಲಿಗೆಯ ತುದಿಯವರೆಗೂ ಬಂತು. ಅವಳು ಮತ್ತೆ ಫೋಟೋದ ಕಡೆ ನೋಡುತ್ತಿದ್ದಳು, ಕಣ್ಣು ಮುಚ್ಚಿದರೆ ಎಲ್ಲಿ ಹೊರಟುಹೋಗುತ್ತದೋ ಎಂಬ ಹಾಗೆ. ಬಟ್ಲರ್ ಟ್ರೇಯನ್ನು ಕೆಳಗಿಟ್ಟ.

"ನಮ್ಮ ಮಾವ," ಎಂದ. "ಟೈಲರ್ ಆಗಿದ್ರು."

ಹಜಾರ ಬಿದ್ದುಬಿದ್ದು ನಕ್ಕಿತು. "ನಮ್ಮ ಬಟ್ಲರನ ತಮಾಷೆಗೆ ಹೊತ್ತುಗೊತ್ತಿಲ್ಲ!" ಎಂದು ಅಧ್ಯಕ್ಷರು ಅವನ ಬೆನ್ನು ತಟ್ಟಿದರು. "ನಿಜ ಸಾರ್," ಎಂದ ಬಟ್ಲರ್. "ಸ್ಥಾಪಕರ ಮುಖ ನಾನೇ ಪಾತ್ರೆ ಪುಡಿ ಹಾಕಿ ತೊಳೆದುಬಿಟ್ಟೆ. ನಿಮ್ಮ ಕೊರಳಲ್ಲಿರೋದು ಅಳತೆ ಟೇಪು." ನಗು ಇನ್ನೂ ಹೆಚ್ಚಾಯಿತು. ಕೆಂಪಿನ ಬಣದ ಹಳೆಯ ಮುಖಂಡರಂತೂ ನಕ್ಕು ನಕ್ಕು ಬಂದ ಕಣ್ಣೀರನ್ನು ಪಟ್ಟಿಯ ತುದಿಯಿಂದಲೇ ಒರೆಸಿಕೊಂಡರು. ಜೀವಮಾನವಿಡೀ ಅವನು ಬಿಟ್ಟ ಬಂಡಲನ್ನೆಲ್ಲ ನಂಬಿದ ಜನ, ಹೇಳಿದ ಒಂದೇ ಒಂದು ನಿಜವನ್ನು ನಂಬಲು ತಯಾರಿರಲಿಲ್ಲ. ಬಾರು ತೆರೆಯಿತು ಎಂದು ಯಾರೋ ಕೂಗಿದರು. ಎಲ್ಲರೂ ಅತ್ತ ನುಗ್ಗಿದರು.

ಅವಳು ಮಾತ್ರ ನಂಬಿದಳು. ಹತ್ತಿರ ಬಂದು, "ಇಳಿಸಿ," ಎಂದಳು.

ಬಟ್ಲರ್ ಅಧ್ಯಕ್ಷರ ಕುರ್ಚಿ ಎಳೆದು, ಬೂಟುಕಾಲಲ್ಲೇ ಹತ್ತಿ, ಮಾವನನ್ನು ಗೋಡೆಯಿಂದ ಇಳಿಸಿದ. ಮೇಜಿನ ಮೇಲಿನ ಬಿಳಿ ಬಟ್ಟೆ ಎಳೆದು ಸುತ್ತಿದ. ಅಧ್ಯಕ್ಷರ ಹೆಂಡತಿ ಮಾತ್ರ ಅಲ್ಲೇ ಉಳಿದು ಎಲ್ಲವನ್ನೂ ನೋಡುತ್ತಾ ನಿಂತಿದ್ದರು. ಆಕೆಗೆ ಏನು ಅರ್ಥವಾಯಿತೋ, ಬಾಗಿಲು ತೆರೆದು ಹಿಡಿದರು.

ಹೊರಗೆ ಬಂದ ಹೆಂಡತಿ ಮುಂದೆ ಮುಂದೆ ನಡೆದಳು. ಹಿತ್ತಿಲ ಕ್ವಾರ್ಟರ್ಸಿನ ತಿರುವು ಬಂದರೂ ತಿರುಗದೆ ಗೇಟು ದಾಟಿದಳು. ಅವಳು ಎಲ್ಲಿಗೆ ಹೊರಟಿದ್ದಾಳೆಂದು ಬಟ್ಲರನಿಗೆ ಗೊತ್ತಾದದ್ದು ಆಗ. "ನಾಳೆ ಹೋಗೋಣ ಕಣೇ," ಎಂದ. ಅವಳು ನಿಂತು, "ಅವನು ಎಷ್ಟು ನಾಳೆ ಕಳೆದಿದ್ದಾನೆ ಗೊತ್ತಾ?" ಎಂದಳು. ಆಗ ಬಂತು ಸಿಟ್ಟು. ನಡುಬೀದಿಯಲ್ಲಿ, ಹೋಗುವವರು ಬರುವವರು ನಿಂತು ನೋಡುವ ಹಾಗೆ, ಅವನ ಜನ್ಮ ಜಾಲಾಡಿದಳು. ಬಟ್ಲರ್ ಮಾವನನ್ನು ಎದೆಗವಚಿಕೊಂಡು ಎಲ್ಲವನ್ನೂ ಕೇಳಿಸಿಕೊಂಡ.

ಬಾಮೈದ ಅಂಗಡಿಯ ಮುಂದೆ ಟ್ಯೂಬಿಗೆ ಪ್ಯಾಚು ಹಾಕುತ್ತಾ ಕೂತಿದ್ದ. ಕೂದಲು ನರೆತಿತ್ತು. ಅಕ್ಕನನ್ನು ನೋಡಿ ದಡಬಡಿಸಿ ಎದ್ದವನು, ಕಣ್ಣೆತ್ತಲಾರದೆ ಮತ್ತೆ ಟ್ಯೂಬನ್ನೇ ನೋಡಿದ. ಅಕ್ಕ ಬಿಳಿ ಬಟ್ಟೆ ಬಿಡಿಸಿದಳು.

ಅವನು ಬಹಳ ಹೊತ್ತು ನೋಡಿದ. ಗ್ರೀಸಿನ ಕೈಯನ್ನು ಅಂಗಿಗೆ ಒರೆಸಿಕೊಂಡು, ಮುಟ್ಟಲು ಹೋಗಿ, ಮುಟ್ಟದೆ ಕೈ ಹಿಂದಕ್ಕೆ ತೆಗೆದುಕೊಂಡ.

"ಸಿಕ್ತಾ ಅಕ್ಕ?" ಎಂದ. "ಎಲ್ಲಿ ಬಿಟ್ಟಿದ್ದೆ ನಾನು?"

ಅಕ್ಕ ಗಂಡನ ಕಡೆ ನೋಡಿದಳು. ಬಾಮೈದನೂ ಅವನ ಮುಖವನ್ನೇ ನೋಡುತ್ತಿದ್ದ, ಎಲ್ಲಿ ಯಾವ ಅಂಗಡಿಯ ಯಾವ ಬೆಂಚಿನ ಮೇಲೆ ಬಿಟ್ಟಿದ್ದೆ ಎಂದು ಭಾವ ಹೇಳಿಯಾರೆಂದು ಕಾಯುತ್ತಾ.

"ನೀನು ಬಿಟ್ಟಿರ್ಲಿಲ್ಲ ಕಣಪ್ಪ," ಎಂದ ಬಟ್ಲರ್. "ನಿನ್ನ ಕೈಗೆ ನಾನು ಕೊಟ್ಟೇ ಇರ್ಲಿಲ್ಲ."

ಬಾಮೈದ ಅಲ್ಲೇ ಇದ್ದ ಒಂದು ಹಳೆಯ ಟೈರಿನ ಮೇಲೆ ಕೂತುಬಿಟ್ಟ. ಹೊಡೆಯುತ್ತಾನೆಂದು ಬಟ್ಲರ್ ಕಾದ. ಹೊಡೆದರೆ ಹೊಡೆಯಲಿ ಎಂದು ನಿಂತ. ಅವನು ಹೊಡೆಯಲಿಲ್ಲ. ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅಕ್ಕ ಹೊಸ ಸೀರೆಯ ಪರಿವೆಯಿಲ್ಲದೆ ಎಣ್ಣೆ ನೆಲದ ಮೇಲೆ ಕೂತು, ಅವನ ತಲೆಯನ್ನು ಹೆಗಲಿಗೆ ಒತ್ತಿಕೊಂಡಳು. ಪಕ್ಕದ ಚಹಾದಂಗಡಿಯವನು ಏನಾಯಿತೋ ಎಂದು ಕೆಟಲ್ ಹಿಡಿದುಕೊಂಡೇ ಓಡಿಬಂದ.

ಬಾಮೈದ ಅಂಗಿಯ ತೋಳಲ್ಲಿ ಮುಖ ಒರೆಸಿಕೊಂಡು, "ಇವರಿಗೂ ಹೇಳಿ ಭಾವ," ಎಂದ. "ಈ ಬೀದಿಯೋರೆಲ್ಲ ನನ್ನ ಜೊತೆ ಹುಡುಕಿದ್ದಾರೆ."